ಕೀಲುಗಳಲ್ಲಿ ಅಮಿಲಾಯ್ಡ್: ಚಿತ್ರಗಳು ಹೇಳುವುದೆಷ್ಟು?

ಪುಣೆ ಜಿಲ್ಲೆಯ ಘೋಡ್ ನದಿಯ ದಡದಲ್ಲಿರುವ ಶಿರೂರಿನಿಂದ ಅಲ್ಲಿನ ಕನ್ನಡ ಕುಟುಂಬವೊಂದು ಹೆಗಲಿನ ಎಂ.ಆರ್.ಐ. ವರದಿಯನ್ನು ನಮಗೆ ಕಳುಹಿಸಿ, ಅದರಲ್ಲಿದ್ದ ‘ಅಮಿಲಾಯ್ಡ್’ ಎಂಬ ಪದಕ್ಕೆ ಕನ್ನಡದಲ್ಲಿ ಅರ್ಥವೇನೆಂದು ಕೇಳಿತ್ತು. ಮನೆಯ ಹಿರಿಯರು ಹದಿನೈದು ವರ್ಷಗಳಿಂದ ಡಯಾಲಿಸಿಸ್ ಪಡೆಯುತ್ತಿರುವವರು. ಹೆಗಲಿನ ನೋವನ್ನು ಸಂಧಿವಾತವೆಂದೇ ಬಗೆದು ಔಷಧ ಸೇವಿಸುತ್ತಿದ್ದರು. ವೈದ್ಯರಲ್ಲದ ನಾವು ಪದದಿಂದಲೇ ಆರಂಭಿಸಬೇಕಾಯಿತು.

ಆ ಪದವೇ ಒಂದು ತಪ್ಪು ಗ್ರಹಿಕೆಯ ಫಲ. 1854ರಲ್ಲಿ ಜರ್ಮನಿಯ ರುಡಾಲ್ಫ್ ವಿರ್ಚೊ ಅವರು, ಅಯೋಡಿನ್ ತಾಗಿದಾಗ ಪಿಷ್ಟದಂತೆ ಬಣ್ಣಗೊಂಡ ಈ ವಸ್ತುವಿಗೆ ‘ಪಿಷ್ಟದಂಥದು’ ಎಂಬರ್ಥದ ಹೆಸರನ್ನಿತ್ತರು. 1859ರಲ್ಲಿ ಫ್ರೀಡ್ರೈಖ್ ಮತ್ತು ಕೆಕುಲೆ ಅದು ಪಿಷ್ಟವಲ್ಲ, ಪ್ರೋಟೀನು ಎಂದು ತೋರಿಸಿದರು. ಲಿಪಿಕಾರನ ಸ್ಖಾಲಿತ್ಯ ಪ್ರತಿಯಿಂದ ಪ್ರತಿಗೆ ಸಾಗಿಬರುವಂತೆ ಹೆಸರು ಮಾತ್ರ ಉಳಿದುಬಂದಿತು. ಅದನ್ನು ‘ಪಿಷ್ಟಾಭ’ವೆಂದು ಅನುವಾದಿಸಿದರೆ ತಪ್ಪನ್ನೂ ಅನುವಾದಿಸಿದಂತಾಗುವುದು, ಅಮಿಲಾಯ್ಡ್ ಎಂದೇ ಬರೆಯುವುದು ಲೇಸೆಂದು ನಮ್ಮ ಅಭಿಮತ.

ಡಯಾಲಿಸಿಸ್ ರೋಗಿಗಳಲ್ಲಿ ಹೀಗೆ ಶೇಖರವಾಗುವುದು ಬೀಟಾ-2 ಮೈಕ್ರೊಗ್ಲೋಬ್ಯುಲಿನ್ ಎಂಬುದನ್ನು 1985ರಲ್ಲಿ ಜಪಾನಿನ ಸಂಶೋಧಕರು ಗುರುತಿಸಿದರು. ಆರೋಗ್ಯವಂತ ಮೂತ್ರಪಿಂಡ ಇದನ್ನು ರಕ್ತದಿಂದ ತೆಗೆಯುತ್ತದೆ. ಡಯಾಲಿಸಿಸ್ಸಿನ ಪೊರೆಗಳು ಸುಧಾರಿಸಿದ್ದರೂ ಅಷ್ಟು ಸೋಸಲಾರವು. ಉಳಿದದ್ದು ವರ್ಷಗಳ ಕಾಲ ಹೆಗಲು, ಸೊಂಟ, ಮಣಿಕಟ್ಟುಗಳಲ್ಲಿ ಎಳೆಎಳೆಯಾಗಿ ಕೂಡಿಕೊಳ್ಳುತ್ತದೆ. ಮಣಿಕಟ್ಟಿನ ನರ ಒತ್ತಲ್ಪಟ್ಟು ಬೆರಳುಗಳು ಜೋಮು ಹಿಡಿಯುವುದು ಅನೇಕ ವೇಳೆ ಮೊದಲ ಸೂಚನೆ. ಮೂಳೆಮಜ್ಜೆಯ ಕ್ಯಾನ್ಸರಾದ ಮೈಲೋಮಾದಲ್ಲಿ ಬೇರೊಂದು ಪ್ರೋಟೀನಿನಿಂದಲೂ ಕೀಲುಗಳಿಗೆ ಇಂಥದೇ ಸ್ಥಿತಿ ಬರುವುದುಂಟು.

ಕ್ಷ-ಕಿರಣದ ಚಿತ್ರದಲ್ಲಿ ಕೀಲಿನ ಬಳಿಯ ಮೂಳೆಯಲ್ಲಿ ಸ್ಪಷ್ಟ ಅಂಚಿನ ಕುಳಿಗಳು ಕಾಣುತ್ತವೆ. ಆದರೆ ಮೂಳೆಗಳ ನಡುವಣ ಅಂತರ ಬಹುಕಾಲ ಕುಗ್ಗದು. ರುಮಟಾಯ್ಡ್ ಸಂಧಿವಾತದಲ್ಲಾದರೋ ಅದು ಬೇಗ ಕುಗ್ಗುತ್ತದೆ. ಅಲ್ಟ್ರಾಸೌಂಡಿನಲ್ಲಿ ಹೆಗಲಿನ ಸ್ನಾಯುರಜ್ಜುಗಳು ದಪ್ಪಗಾಗಿರುವುದು ತಿಳಿಯುತ್ತದೆ. ಎಂ.ಆರ್.ಐ.ಯ ಸಾಕ್ಷ್ಯ ಇನ್ನೂ ಮುಖ್ಯವಾದುದು. ಉರಿಯೂತದಿಂದ ತುಂಬಿದ ದ್ರವ ಟಿ-2 ಎಂಬ ಬಗೆಯ ಚಿತ್ರದಲ್ಲಿ ಬೆಳ್ಳಗೆ ಹೊಳೆದರೆ, ಅಮಿಲಾಯ್ಡ್ ಟಿ-1, ಟಿ-2 ಎರಡರಲ್ಲೂ ಸಾಮಾನ್ಯವಾಗಿ ಮಬ್ಬಾಗಿಯೇ ಉಳಿಯುತ್ತದೆ. ಆದರೆ ಕೀಲಿನಲ್ಲಿ ಹಿಂದೆ ಆದ ರಕ್ತಸ್ರಾವದ ಕಬ್ಬಿಣಾಂಶವೂ ಕಪ್ಪಾಗಿಯೇ ಕಾಣುವುದರಿಂದ, ಚಿತ್ರವೊಂದನ್ನೇ ಪ್ರಮಾಣವೆನ್ನಲಾಗದು. ಊತಕದ ಚೂರನ್ನು ಕಾಂಗೋ ರೆಡ್ ಬಣ್ಣದಲ್ಲಿ ಅದ್ದಿ ಧ್ರುವೀಕೃತ ಬೆಳಕಿನಲ್ಲಿ ನೋಡಿದಾಗ ಸೇಬುಹಸಿರು ಹೊಳಪು ಕಂಡರೆ ನಿರ್ಣಯ ದೃಢವಾಗುತ್ತದೆ.

ಶಿರೂರಿಗೆ ಬರೆದ ಉತ್ತರದಲ್ಲಿ ನಾವು ಅಡಿಗೆರೆಯೆಳೆದದ್ದು ಅಮಿಲಾಯ್ಡ್ ಎಂಬ ಪದಕ್ಕಲ್ಲ, ವರದಿಯಲ್ಲಿ ಅದರ ಹಿಂದೆಯೇ ಇದ್ದ ‘ಸಂಭವನೀಯ’ ಎಂಬುದಕ್ಕೆ. ಹಿರಿಯರು ಆ ವರದಿಯನ್ನು, ಡಯಾಲಿಸಿಸ್ಸಿನ ಹದಿನೈದು ವರ್ಷಗಳ ದಾಖಲೆಯೊಡನೆ, ತಮ್ಮ ಮೂತ್ರಪಿಂಡ ತಜ್ಞರಿಗೆ ತೋರಿಸಬೇಕೆಂದೂ ಬರೆದೆವು.