ಎಡ ಒತ್ತಿದರೆ ಬಲಕ್ಕೆ!

ಹೋದ ವರ್ಷ ನಮ್ಮ ಕಾಲೇಜಿನ ರೋಬೊಟಿಕ್ಸ್ ಲ್ಯಾಬ್‌ನಲ್ಲಿ ಒಂದು ತಿಂಗಳು ಜಗಳ ನಡೆಯಿತು. ರೋಬೊ ತಯಾರಾಗಿತ್ತು, ಬ್ಯಾಟರಿ ಚಾರ್ಜ್ ಆಗಿತ್ತು. ಅದನ್ನು ಓಡಿಸುವವರು ಯಾರು, ರಿಮೋಟಿನ ಯಾವ ಸ್ಟಿಕ್ ಯಾವ ಕೆಲಸ ಮಾಡಬೇಕು ಅನ್ನುವುದು ಮಾತ್ರ ಇತ್ಯರ್ಥವಾಗಿರಲಿಲ್ಲ.

2022ರಲ್ಲಿ ಎಬಿಯು ರೊಬೊಕಾನ್‌ಗೆ ಭಾರತ ಆತಿಥ್ಯ ವಹಿಸಿತ್ತಲ್ಲ, ಆ ವರ್ಷದ ಆಟ ನಮ್ಮ ಲಗೋರಿ. ಅದಕ್ಕೆಂದು ಸೀನಿಯರ್‌ಗಳು ಮಾಡಿದ್ದ ಚಾಸಿ ಲ್ಯಾಬ್‌ನ ಮೂಲೆಯಲ್ಲಿ ಧೂಳು ತಿನ್ನುತ್ತಾ ಬಿದ್ದಿತ್ತು. ಅಂತರ ಕಾಲೇಜು ಸ್ಪರ್ಧೆಯೊಂದಕ್ಕೆ ಅದನ್ನೇ ಒರೆಸಿ ಎತ್ತಿಕೊಂಡೆವು. ನಾಲ್ಕೂ ಮೆಕಾನಮ್ ಚಕ್ರ. 1970ರ ದಶಕದಲ್ಲಿ ಸ್ವೀಡನ್‌ನ ಬೆಂಗ್ಟ್ ಇಲಾನ್ ಎಂಬ ಇಂಜಿನಿಯರ್ ಕಂಡುಹಿಡಿದದ್ದು. ಚಕ್ರದ ಸುತ್ತ 45 ಡಿಗ್ರಿ ಓರೆಯಾಗಿ ಸಣ್ಣ ಸಣ್ಣ ರೋಲರ್‌ಗಳಿರುತ್ತವೆ. ಯಾವ ಚಕ್ರ ಯಾವ ದಿಕ್ಕಿಗೆ ತಿರುಗುತ್ತದೆ ಅನ್ನುವುದರ ಮೇಲೆ ಗಾಡಿ ಮುಂದೆ ಹೋದೀತು, ನಿಂತಲ್ಲೇ ಸುತ್ತೀತು, ಗದ್ದೆ ಏಡಿಯ ಹಾಗೆ ಅಡ್ಡಡ್ಡ ಸರಿದೀತು.

ಅನುಕೂಲವೂ ಅದೇ, ತಲೆನೋವೂ ಅದೇ. ಕಾರಿಗಾದರೆ ಒಂದು ಸ್ಟೀರಿಂಗ್, ಒಂದು ಆಕ್ಸಿಲರೇಟರ್ ಸಾಕು. ಇದಕ್ಕೆ ಹಿಂದೆ-ಮುಂದೆ, ಅಕ್ಕ-ಪಕ್ಕ, ತಿರುಗುವುದು ಅಂತ ಮೂರು ಬೇರೆ ಬೇರೆ ಆಜ್ಞೆಗಳನ್ನು ಒಟ್ಟಿಗೇ ಕೊಡಬೇಕು. ನಮಗಿರುವುದು ಎರಡು ಹೆಬ್ಬೆರಳು.

ಓಡಿಸುವವನು ಹಾಸ್ಟೆಲ್‌ನಲ್ಲಿ ರಾತ್ರಿಯಿಡೀ ಫುಟ್‌ಬಾಲ್ ಗೇಮ್ ಆಡುವ ನಮ್ಮ ಕ್ಲಾಸ್‌ಮೇಟ್ ಅಂತ ಯಾರೂ ಚರ್ಚಿಸದೆಯೇ ತೀರ್ಮಾನವಾಗಿತ್ತು. ಕೋಡ್ ಬರೆಯುವವಳು ನಾನು. ಪ್ಲೇಸ್ಟೇಷನ್ ರಿಮೋಟ್ ಅನ್ನುವುದನ್ನು ನಾನು ಕೈಯಲ್ಲಿ ಹಿಡಿದದ್ದೇ ಆ ಲ್ಯಾಬ್‌ನಲ್ಲಿ. ಆದರೆ ಸಾಗರದ ಹತ್ತಿರ ನಮ್ಮ ಗದ್ದೆಯಲ್ಲಿ ಹೈಸ್ಕೂಲಿನಿಂದಲೂ ಪವರ್ ಟಿಲ್ಲರ್ ಹಿಡಿದವಳು ನಾನು. ‘ನಾನೂ ಓಡಿಸಿ ನೋಡ್ತೀನಿ ಅಣ್ಣ’ ಅಂತ ಕ್ಯಾಪ್ಟನ್‌ಗೆ ಹೇಳಿದಾಗ ಹಿಂದಿನಿಂದ ಯಾರೋ ಕಿಸಕ್ಕೆಂದರು. ಆ ನಗು ಇಲ್ಲದಿದ್ದರೆ ಬಹುಶಃ ನಾನು ಅಷ್ಟು ಹಟ ಹಿಡಿಯುತ್ತಿರಲಿಲ್ಲ.

ಟಿಲ್ಲರ್‌ನ ಅಭ್ಯಾಸಬಲದಿಂದ ಮೊದಲು ಎಡ ಸ್ಟಿಕ್ ಎಡಗಡೆಯ ಚಕ್ರಗಳಿಗೆ, ಬಲ ಸ್ಟಿಕ್ ಬಲಗಡೆಯವಕ್ಕೆ ಅಂತ ಕೋಡ್ ಬರೆದೆ. ಚೆನ್ನಾಗಿಯೇ ಓಡಿತು. ಆದರೆ ಅಡ್ಡ ಸರಿಸಲು ಬೇರೆ ಬಟನ್ ಒತ್ತಬೇಕು, ಓರೆಯಾಗಿ ಹೋಗಲು ಬರುವುದೇ ಇಲ್ಲ. ಏಡಿಯನ್ನು ತಂದು ಎತ್ತು ಮಾಡಿದ ಹಾಗಾಯಿತು. ಎರಡೇ ದಿನಕ್ಕೆ ಬಿಟ್ಟೆ.

ಆಮೇಲೆ ಎಲ್ಲರೂ ಒಪ್ಪಿದ್ದು ಎಡ ಹೆಬ್ಬೆರಳಿಗೆ ಚಲನೆ, ಬಲ ಹೆಬ್ಬೆರಳಿಗೆ ತಿರುಗುವುದು. ಅಲ್ಲಿಯೂ ಸಣ್ಣಪುಟ್ಟ ರಗಳೆ ಇದ್ದೇ ಇತ್ತು. ಸೆಕೆಂಡ್ ಹ್ಯಾಂಡ್ ರಿಮೋಟ್, ಕೈಬಿಟ್ಟರೂ ಸ್ಟಿಕ್ ಸೊನ್ನೆಗೆ ಬರದೆ ಆರೋ ಏಳೋ ತೋರಿಸುತ್ತಾ ರೋಬೊವನ್ನು ತೆವಳಿಸುತ್ತಿತ್ತು. ಪೂರ್ತಿ ಒತ್ತಿದರೆ 127. ಹತ್ತರೊಳಗಿನದನ್ನೆಲ್ಲ ಸೊನ್ನೆ ಎಂದೇ ಲೆಕ್ಕ ಹಾಕು ಅಂತ ಬರೆದೆ. ಸ್ಟಿಕ್‌ನ ಬೆಲೆಯನ್ನು ಘನ ಮಾಡಿದೆ. ಆಗ ಅರ್ಧ ಒತ್ತಿದರೆ ವೇಗ ಎಂಟನೇ ಒಂದು ಭಾಗ ಮಾತ್ರ, ಡಬ್ಬಿಯ ಹತ್ತಿರ ನಾಜೂಕಾಗಿ ಹೋಗಬಹುದು. ಮುಂದೆ ಓಡುತ್ತಾ, ಸರಿಯುತ್ತಾ, ತಿರುಗು ಅಂದಾಗ ಲೆಕ್ಕ ಒಂದು ಚಕ್ರಕ್ಕೆ ಶೇ 200 ವೇಗ ಕೇಳುತ್ತಿತ್ತು, ಇನ್ನೆರಡಕ್ಕೆ 100, ಮತ್ತೊಂದಕ್ಕೆ 0. ಇನ್ನೂರು ಕೊಡಲು ಮೋಟರಿಗೆ ಎಲ್ಲಿಂದ ಬರಬೇಕು? ಅದು ನೂರಕ್ಕೇ ನಿಂತು ರೋಬೊ ಎಲ್ಲೆಲ್ಲೋ ಹೋಗುತ್ತಿತ್ತು. ನಾಲ್ಕನ್ನೂ ಅತಿ ದೊಡ್ಡ ಸಂಖ್ಯೆಯಿಂದ ಭಾಗಿಸಿದ ಮೇಲೆ ದಾರಿಗೆ ಬಂತು. ಡಬ್ಬಿ ಹಿಡಿಯುವ ಬಟನ್ನು ಬಲ ಹೆಬ್ಬೆರಳಿನ ಹತ್ತಿರ ಇಟ್ಟಿದ್ದು ಇನ್ನೊಂದು ಪೆದ್ದುತನ; ಹಿಡಿಯಲು ಹೋದರೆ ತಿರುಗಿಸುವ ಸ್ಟಿಕ್ ಬಿಡಬೇಕು. ಅದನ್ನು ತೋರುಬೆರಳಿಗೆ ಕೊಟ್ಟೆ.

ದೊಡ್ಡ ಜಗಳ ಇವು ಯಾವುದರದ್ದೂ ಅಲ್ಲ. ರೋಬೊ ನಮಗೆ ಬೆನ್ನು ಹಾಕಿ ನಿಂತಿರುವಾಗ ಅದರ ಎಡ ನಮ್ಮ ಎಡ. ನಮ್ಮತ್ತ ಮುಖ ಮಾಡಿದರೆ ಎಲ್ಲ ಉಲ್ಟಾ. ಅದಕ್ಕೆ ಕ್ಯಾಪ್ಟನ್ ಅಣ್ಣ ಒಂದು ಗೈರೋ ಸೆನ್ಸರ್ ಕೂರಿಸಿದರು. ರೋಬೊ ಯಾವ ಕಡೆ ಮುಖ ಮಾಡಿದೆ ಅಂತ ಅದು ಹೇಳುತ್ತದೆ, ಕೋಡ್ ಲೆಕ್ಕ ಹಾಕಿ ಸ್ಟಿಕ್ ಎತ್ತ ತಳ್ಳಿದರೆ ಗಾಡಿಯನ್ನು ಅತ್ತಲೇ ಒಯ್ಯುತ್ತದೆ. ನಮ್ಮ ಗೇಮರ್‌ಗೆ ಸ್ವರ್ಗ ಸಿಕ್ಕಿತು. ಆದರೆ ಅಗ್ಗದ ಗೈರೋಗೆ ದಿಕ್ಸೂಚಿಯಿಲ್ಲ, ತಿರುಗಿದ ವೇಗವನ್ನು ಕೂಡಿಸುತ್ತಾ ಹೋಗುತ್ತದೆ, ತಪ್ಪೂ ಕೂಡುತ್ತಾ ಹೋಗುತ್ತದೆ. ನಮ್ಮದು ಮೂರು ನಿಮಿಷಕ್ಕೆ 12 ಡಿಗ್ರಿ ಜಾರುತ್ತಿತ್ತು.

ಆ ವಾರ ಫೋನಿನಲ್ಲಿ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಅಪ್ಪ ನಕ್ಕು, ‘ಟಿಲ್ಲರ್ ಇಳಿಜಾರಿನಲ್ಲಿ ಏನ್ ಮಾಡುತ್ತೆ ಪುಟ್ಟಿ?’ ಅಂದರು. ಟಿಲ್ಲರ್‌ನಲ್ಲಿ ಎಡಗೈ ಕ್ಲಚ್ ಒತ್ತಿದರೆ ಎಡ ಚಕ್ರಕ್ಕೆ ಇಂಜಿನ್ ತಪ್ಪಿ ಗಾಡಿ ಎಡಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಾದರೆ ಅದೇ ಚಕ್ರ ಹಿಡಿತ ತಪ್ಪಿ ಮುಂದೆ ಉರುಳುತ್ತದೆ, ಗಾಡಿ ಬಲಕ್ಕೆ ಹೊರಳುತ್ತದೆ. ಹೊಸಬರು ಚರಂಡಿಗೆ ಬೀಳುವುದೇ ಅಲ್ಲಿ. ನಾನೂ ಬಿದ್ದಿದ್ದೇನೆ. ಆಮೇಲೆ ಕೈ ತಾನಾಗಿ ಕಲಿಯಿತು.

ಮರುದಿನದಿಂದ ಗೈರೋ ಬಂದ್ ಮಾಡಿ, ರೋಬೊವನ್ನು ನನ್ನತ್ತ ಮುಖ ಮಾಡಿಸಿಯೇ ಓಡಿಸಿದೆ. ಮೂರು ದಿನ ಗೋಡೆಗೆ ಗುದ್ದಿದೆ. ಒಂದು ಚಕ್ರದ ರೋಲರ್ ಕಿತ್ತು ಬಂತು, ಬೈಸಿಕೊಂಡೆ. ವಾರ ಕಳೆಯುವಷ್ಟರಲ್ಲಿ ಯೋಚಿಸುವುದು ನಿಂತಿತು.

ಕೊನೆಗೆ ಅಣ್ಣ ನೀರಿನ ಬಾಟಲಿ ಸಾಲಾಗಿ ಇಟ್ಟು ಇಬ್ಬರಿಗೂ ಹತ್ತತ್ತು ಸುತ್ತು ಕೊಟ್ಟರು. ಗೇಮರ್ ಪ್ರತಿ ಸುತ್ತಿನಲ್ಲೂ ನನಗಿಂತ ಬೇಗ. ಆದರೆ ಹತ್ತು ಸುತ್ತಿನಲ್ಲಿ ಅವನು ಒಂಬತ್ತು ಬಾಟಲಿ ಬೀಳಿಸಿದ, ನಾನು ಎರಡು. ‘ನೀನೇ ಓಡಿಸು’ ಅಂದರು ಅಣ್ಣ. ಗೇಮರ್ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ಬಂದು, ‘ಗೈರೋ ತೆಗೀಬೇಡ, ಎರಡೂ ಇರಲಿ, ಒಂದು ಬಟನ್‌ನಲ್ಲಿ ಬದಲಾಗೋ ಹಾಗೆ ಮಾಡು’ ಅಂದ. ನನಗೆ ಹೊಳೆದಿರಲಿಲ್ಲ, ಒಪ್ಪಿಕೊಳ್ಳಲು ಸ್ವಲ್ಪ ಕಷ್ಟವೂ ಆಯಿತು. ಎಡ ತೋರುಬೆರಳಿಗೆ ಆ ಬಟನ್ ಕೊಟ್ಟೆ.

ಸ್ಪರ್ಧೆಯ ದಿನ ಕ್ವಾರ್ಟರ್ ಫೈನಲ್‌ನಲ್ಲಿ ಅಂಕಣದ ಅಂಚಿಗೆ ರೋಬೊ ಜೋರಾಗಿ ತಾಗಿತು. ತಕ್ಷಣ ಗೈರೋ ದಿಕ್ಕು ತಪ್ಪಿತು. ಮುಂದೆ ತಳ್ಳಿದರೆ ಓರೆಯಾಗಿ ಓಡಿತು. ಸೈಡಿನಿಂದ ಗೇಮರ್ ‘ಬಟನ್, ಬಟನ್!’ ಅಂತ ಕೂಗಿದ. ಒತ್ತಿದೆ. ರೋಬೊ ನನ್ನತ್ತಲೇ ಮುಖ ಮಾಡಿ ನಿಂತಿತ್ತು. ಇಳಿಜಾರು! ಕೈ ತಾನೇ ಉಲ್ಟಾ ಹೋಯಿತು. ಉಳಿದ ಹೊತ್ತಿನಲ್ಲಿ ಮೂರು ಡಬ್ಬಿ ಇಟ್ಟೆ. ಎದುರಾಳಿ ತಂಡ ನಾಲ್ಕು ಇಟ್ಟಿತ್ತು.

ಬಸ್ಸಿನಲ್ಲಿ ವಾಪಸ್ ಬರುವಾಗ ಗೇಮರ್, ‘ಆ ಅಂಚಿಗೆ ನಾನಾಗಿದ್ರೆ ಗುದ್ದುತ್ತಿರಲಿಲ್ಲ’ ಅಂದ. ಇರಬಹುದು.

ಈ ವರ್ಷ ಓಡಿಸುವುದು ಸೆಕೆಂಡ್ ಇಯರ್‌ನ ಹುಡುಗಿ. ಎಡಗೈಯವಳು. ‘ಅಕ್ಕಾ, ತಿರುಗಿಸೋದನ್ನ ಎಡಕ್ಕೆ ಹಾಕಿ ಕೊಡ್ತೀರಾ?’ ಅಂತ ನಿನ್ನೆ ಕೇಳಿದಳು. ಹಳೆಯ ಕೋಡ್ ತೆರೆದು ಕೂತಿದ್ದೇನೆ.