ಹೊಟ್ಟೆ ಕಿರಿದಾದ ಮೇಲಿನ ಬದುಕು

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ಆ ನಂತರದ ಪಥ್ಯ, ಮಾತ್ರೆ, ರಕ್ತಪರೀಕ್ಷೆಗಳಿಗೆ ಕೊನೆಯಿಲ್ಲ. ಮಕ್ಕಳ ಬೊಜ್ಜಿನ ಚಿಂತೆಯಲ್ಲಿರುವ ಮನೆಯವರು ತಿಳಿದಿರಬೇಕಾದ ಕೆಲವು ಸಂಗತಿಗಳು ಇಲ್ಲಿವೆ.

1999ರ ಆಗಸ್ಟ್ ತಿಂಗಳು. ಅಮೆರಿಕದ ಸ್ಯಾನ್ ಡಿಯಾಗೊ ನಗರದ ಶಸ್ತ್ರಚಿಕಿತ್ಸಾ ಕೊಠಡಿಯೊಂದರಲ್ಲಿ ಪಾಪ್ ಗಾಯಕಿ ಕಾರ್ನಿ ವಿಲ್ಸನ್ ಮಲಗಿದ್ದರು. ತೂಕ ಸುಮಾರು 300 ಪೌಂಡ್, ನಮ್ಮ ಲೆಕ್ಕದಲ್ಲಿ 136 ಕಿಲೋ. ವೈದ್ಯರು ಅವರ ಜಠರವನ್ನು ಕಿರಿದುಗೊಳಿಸಿ ಕರುಳಿನ ದಾರಿ ಬದಲಿಸುತ್ತಿದ್ದುದನ್ನು ಆಗಿನ್ನೂ ಹೊಸದಾಗಿದ್ದ ಅಂತರ್ಜಾಲದಲ್ಲಿ ಜನ ನೇರವಾಗಿ ನೋಡಿದರು. ಮುಂದೆ ಅವರ ತೂಕ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಅವರನ್ನು ನೋಡಿ ಅದೆಷ್ಟೋ ಮಂದಿ ಆಸ್ಪತ್ರೆಯ ಬಾಗಿಲು ತಟ್ಟಿದರು.

ಕಥೆ ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಬದುಕು ಅಲ್ಲಿಂದಾಚೆಗೂ ಇತ್ತಲ್ಲ! ಕೆಲವು ವರ್ಷಗಳಲ್ಲಿ ಮದ್ಯದ ಚಟ ತಮ್ಮನ್ನು ಕಾಡಿತೆಂದೂ, ಅದನ್ನು ಬಿಡಬೇಕಾಯಿತೆಂದೂ ಕಾರ್ನಿ ಬಹಿರಂಗವಾಗಿ ಹೇಳಿಕೊಂಡರು. ಎರಡು ಹೆರಿಗೆಗಳಾದವು. ಇಳಿದಿದ್ದ ತೂಕದಲ್ಲಿ ಒಂದು ಪಾಲು ಮರಳಿ ಬಂತು. 2012ರಲ್ಲಿ ಅವರು ಎರಡನೆಯ ಬಾರಿ ಶಸ್ತ್ರಚಿಕಿತ್ಸೆಗೆ ಒಳಗಾದರು. ಈ ಸಲ ಜಠರಕ್ಕೆ ಪಟ್ಟಿ ಬಿಗಿಯುವ ವಿಧಾನ.

ಹಾಗಾದರೆ ಮೊದಲ ಚಿಕಿತ್ಸೆ ಸೋತಿತೇ? ಹಾಗೆಂದು ತೀರ್ಮಾನಿಸುವುದು ಸರಿಯಲ್ಲ. ಬೊಜ್ಜು ದೀರ್ಘಕಾಲದ ಕಾಯಿಲೆ. ಶಸ್ತ್ರಚಿಕಿತ್ಸೆ ಅದನ್ನು ಹತೋಟಿಗೆ ತರುವ ಬಲವಾದ ಸಾಧನ. ಆದರೆ ಆ ಸಾಧನವನ್ನು ರೋಗಿ ಕೊನೆಯವರೆಗೂ ಜೋಪಾನ ಮಾಡಬೇಕು. 40ರ ವಯಸ್ಸಿನವರಿಗೂ ಇದು ಸುಲಭದ ಹೊಣೆಯಲ್ಲ. ಪಿಯುಸಿ ಓದುವ ಹುಡುಗಿಗೆ ಅದರ ಅವಧಿ 50–60 ವರ್ಷ.

ಅಲ್ಸರ್ ರೋಗಿಗಳು ಕಲಿಸಿದ ಪಾಠ

ಈ ಚಿಕಿತ್ಸೆಯ ಇತಿಹಾಸ 1954ಕ್ಕೆ ಹೋಗುತ್ತದೆ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ವೈದ್ಯರು ಸಣ್ಣ ಕರುಳಿನ ಬಹುಭಾಗವನ್ನು ಆಹಾರದ ಹಾದಿಯಿಂದ ಬಿಡಿಸುವ ವಿಧಾನವನ್ನು ಪ್ರಕಟಿಸಿದರು. ರೋಗಿಗಳು ತೆಳ್ಳಗಾದರು, ನಿಜ. ಆದರೆ ವರ್ಷಗಳು ಕಳೆದಂತೆ ಕೆಲವರ ಯಕೃತ್ತು ಕೆಟ್ಟಿತು, ಹಲವರಿಗೆ ಮೂತ್ರಪಿಂಡದಲ್ಲಿ ಕಲ್ಲುಗಳಾದವು. ಕೊನೆಗೆ ಆ ವಿಧಾನವನ್ನೇ ಕೈಬಿಡಬೇಕಾಯಿತು. ಮೊದಲ ವರ್ಷದ ಸಂತೋಷವನ್ನು ನೋಡಿ ಚಿಕಿತ್ಸೆಯ ಬೆಲೆ ಕಟ್ಟಬಾರದೆಂಬ ಪಾಠ ವೈದ್ಯಲೋಕಕ್ಕೆ ಸಿಕ್ಕಿದ್ದು ಹೀಗೆ.

ಅಯೋವ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಬೇರೊಂದು ದಾರಿ ಹಿಡಿದರು. ಹುಣ್ಣಿಗಾಗಿ ಜಠರದ ಒಂದು ಭಾಗವನ್ನು ತೆಗೆಸಿಕೊಂಡವರು ಮತ್ತೆ ದಪ್ಪಗಾಗುವುದು ಕಷ್ಟವೆಂಬುದನ್ನು ಅವರು ಗಮನಿಸಿದ್ದರು. 1966ರಲ್ಲಿ ಸಹೋದ್ಯೋಗಿ ಚಿಕಾಶಿ ಇಟೊ ಜತೆಗೂಡಿ ಅವರು ಆರಂಭಿಸಿದ 'ಗ್ಯಾಸ್ಟ್ರಿಕ್ ಬೈಪಾಸ್' ಸುಧಾರಿತ ರೂಪದಲ್ಲಿ ಇಂದಿಗೂ ನಡೆಯುತ್ತಿದೆ. ಇದರಲ್ಲಿ ಜಠರದ ಮೇಲ್ಭಾಗವನ್ನು ಸುಮಾರು 30 ಮಿಲಿಲೀಟರ್ ಹಿಡಿಸುವ ಪುಟ್ಟ ಚೀಲವಾಗಿ ಬೇರ್ಪಡಿಸಿ, ಸಣ್ಣ ಕರುಳಿನ ಕೆಳಭಾಗಕ್ಕೆ ನೇರವಾಗಿ ಜೋಡಿಸುತ್ತಾರೆ. ಇನ್ನೊಂದು ವಿಧಾನ 'ಸ್ಲೀವ್'. ಅದರಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ತೆಗೆದದ್ದನ್ನು ಮರಳಿ ಜೋಡಿಸಲು ಬರುವುದಿಲ್ಲ.

ಚೀಲ ಚಿಕ್ಕದಾಯಿತು, ಊಟ ಕಡಿಮೆಯಾಯಿತು ಎನ್ನುವಷ್ಟಕ್ಕೇ ಇದು ನಿಲ್ಲುವುದಿಲ್ಲ. 1999ರಲ್ಲಿ ಜಪಾನಿನ ವಿಜ್ಞಾನಿಗಳು ಜಠರದಲ್ಲಿ ಗ್ರೆಲಿನ್ ಎಂಬ ಹಾರ್ಮೋನನ್ನು ಕಂಡುಹಿಡಿದರು. 'ಹಸಿವಾಗಿದೆ' ಎಂದು ಮೆದುಳಿಗೆ ಸುದ್ದಿ ಮುಟ್ಟಿಸುವುದು ಇದೇ. ಶಸ್ತ್ರಚಿಕಿತ್ಸೆ ಇಂಥ ಹಾರ್ಮೋನುಗಳ ಏರಿಳಿತವನ್ನೇ ಬದಲಿಸುತ್ತದೆ. ಎಷ್ಟೋ ಮಧುಮೇಹಿಗಳಲ್ಲಿ ತೂಕ ಇಳಿಯುವ ಮೊದಲೇ ರಕ್ತದ ಸಕ್ಕರೆ ಹತೋಟಿಗೆ ಬರುವುದಕ್ಕೆ ಇದೂ ಒಂದು ಕಾರಣ.

ಮದುವೆ ಮನೆಯ ಎಲೆಯ ಮುಂದೆ

ಬೈಪಾಸ್ ಆದ ಯುವಕನೊಬ್ಬ ಮದುವೆ ಮನೆಯ ಪಂಕ್ತಿಯಲ್ಲಿ ಕುಳಿತಿದ್ದಾನೆ ಎಂದಿಟ್ಟುಕೊಳ್ಳಿ. ಎಲೆಯ ತುಂಬ ಕೋಸಂಬರಿ, ಪಲ್ಯ, ಚಿತ್ರಾನ್ನ, ಹೋಳಿಗೆ. ನಾಲ್ಕಾರು ತುತ್ತಿಗೆ ಅವನ ಹೊಟ್ಟೆ ತುಂಬುತ್ತದೆ. ಪ್ರತಿ ತುತ್ತನ್ನೂ ನುಣ್ಣಗೆ ಅಗಿಯಬೇಕು; ಅವಸರಪಟ್ಟರೆ ಎದೆಯಲ್ಲಿ ಸಿಕ್ಕಿಕೊಂಡಂತಾಗಿ ವಾಂತಿಯಾಗುತ್ತದೆ. ಊಟದ ನಡುವೆ ನೀರು ಕುಡಿಯುವಂತಿಲ್ಲ. ಉಂಡ ಮೇಲೆ ಅರ್ಧ ಗಂಟೆ ಕಾಯಬೇಕು. 'ಇಷ್ಟೇನಾ ಊಟ? ಇನ್ನೊಂದು ಹೋಳಿಗೆ ಹಾಕಿಸ್ಕೊಳ್ಳಪ್ಪ' ಎಂದು ಒತ್ತಾಯಿಸುವ ಸೋದರತ್ತೆಗೆ ಉತ್ತರ ಹೇಳುವುದೇ ಅವನಿಗೆ ದೊಡ್ಡ ಪರೀಕ್ಷೆ.

ಒತ್ತಾಯಕ್ಕೆ ಮಣಿದು ಹೋಳಿಗೆ, ಪಾಯಸ ತಿಂದರೆ ಏನಾಗುತ್ತದೆ? ಸಿಹಿ ಜಠರದಲ್ಲಿ ನಿಲ್ಲದೆ ನೇರ ಕರುಳಿಗೆ ಧುಮುಕುತ್ತದೆ. ಸ್ವಲ್ಪ ಹೊತ್ತಿನಲ್ಲೇ ಎದೆ ಡವಗುಟ್ಟಿ, ಬೆವರು ಕಿತ್ತು, ಹೊಟ್ಟೆ ನುಲಿದು ಭೇದಿಯಾಗಬಹುದು. ವೈದ್ಯರು ಇದನ್ನು 'ಡಂಪಿಂಗ್' ಎನ್ನುತ್ತಾರೆ. ಕೆಲವರಲ್ಲಿ ಉಂಡ ಒಂದೆರಡು ಗಂಟೆಯ ಮೇಲೆ ರಕ್ತದ ಸಕ್ಕರೆ ಒಮ್ಮೆಲೇ ಕುಸಿದು ಕೈಕಾಲು ನಡುಗಿ ತಲೆ ಸುತ್ತುತ್ತದೆ. ಶಸ್ತ್ರಚಿಕಿತ್ಸೆಯಾಗಿ ವರ್ಷಗಳಾದ ಮೇಲೂ ಇದು ಕಾಣಿಸಿಕೊಳ್ಳಬಹುದು. ಸ್ಲೀವ್ ಮಾಡಿಸಿಕೊಂಡವರನ್ನು ಕಾಡುವುದು ಹೆಚ್ಚಾಗಿ ಎದೆಯುರಿ ಮತ್ತು ಹುಳಿತೇಗು.

ಅನ್ನ, ಮುದ್ದೆಯೇ ಪ್ರಧಾನವಾದ ನಮ್ಮ ಊಟಕ್ಕೆ ಇಲ್ಲಿ ಇನ್ನೊಂದು ತೊಡಕಿದೆ. ಇಂಥವರಿಗೆ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕೆಂಬುದು ಸಾಮಾನ್ಯ ಸಲಹೆ. ಹಿಡಿಯಷ್ಟು ಜಾಗವಿರುವ ಹೊಟ್ಟೆಯನ್ನು ಅನ್ನವೇ ತುಂಬಿಬಿಟ್ಟರೆ ಕಾಳು, ಮೊಸರು, ಪನೀರು, ಮೊಟ್ಟೆ, ಮೀನಿಗೆ ಸ್ಥಳವೆಲ್ಲಿ? ಆದ್ದರಿಂದ ಎಲೆಯಲ್ಲಿ ಮೊದಲು ಪ್ರೋಟೀನ್, ಆಮೇಲೆ ತರಕಾರಿ, ಕೊನೆಗೆ ಅನ್ನ. ಹೀಗೆ ಬಡಿಸುವ ಕ್ರಮವನ್ನೇ ತಿರುಗಿಸಬೇಕು. ಮೊದಲ ತಿಂಗಳುಗಳಲ್ಲಿ ಕೂದಲು ಉದುರುವುದುಂಟು. ಬಹುಪಾಲು ಮಂದಿಯಲ್ಲಿ ಅದು ಮತ್ತೆ ಬೆಳೆಯುತ್ತದೆ. ಸಡಿಲವಾಗಿ ಜೋತುಬೀಳುವ ಚರ್ಮ ಮಾತ್ರ ತಾನಾಗಿ ಪೂರ್ತಿ ಬಿಗಿಯಾಗುವುದು ಅಪರೂಪ.

ಮರೆಯಬಾರದ ಮಾತ್ರೆ

ಕಬ್ಬಿಣಾಂಶ ಹೆಚ್ಚಾಗಿ ಹೀರಲ್ಪಡುವುದು ಸಣ್ಣ ಕರುಳಿನ ಮೊದಲ ಭಾಗದಲ್ಲಿ. ಬೈಪಾಸ್‌ನಲ್ಲಿ ಆಹಾರ ಆ ಭಾಗವನ್ನು ಮುಟ್ಟುವುದೇ ಇಲ್ಲ. ಬಿ12 ಜೀವಸತ್ವ ರಕ್ತ ಸೇರಲು ಜಠರದಲ್ಲಿ ಸ್ರವಿಸುವ ವಸ್ತುವೊಂದು ಬೇಕು. ಜಠರವೇ ಕಿರಿದಾದಾಗ ಅದಕ್ಕೂ ಬರ. ಸುಣ್ಣದಂಶ ಮತ್ತು ಡಿ ಜೀವಸತ್ವದ ಪಾಡೂ ಇದೇ. ರಕ್ತಕ್ಕೆ ಬೇಕಾದ ಸುಣ್ಣ ಊಟದಿಂದ ಸಿಗದಿದ್ದಾಗ ದೇಹ ಅದನ್ನು ಮೂಳೆಯಿಂದ ಕಡ ತೆಗೆಯುತ್ತದೆ. ಆ ಸಾಲ ಎಷ್ಟೋ ವರ್ಷಗಳ ನಂತರ ಮೂಳೆ ಮುರಿತದ ರೂಪದಲ್ಲಿ ಬಡ್ಡಿ ಸಮೇತ ವಸೂಲಾಗಬಹುದು.

ಕೊರತೆಗಳು ಸದ್ದಿಲ್ಲದೆ ಬರುತ್ತವೆ. ದೇಹದಲ್ಲಿ ಬಿ12ರ ದಾಸ್ತಾನು ಹಲವು ವರ್ಷಕ್ಕೆ ಸಾಲುವಷ್ಟಿರುವುದರಿಂದ ಮಾತ್ರೆ ಬಿಟ್ಟವರಿಗೆ ಮೊದಲಿಗೆ ಏನೂ ಅನ್ನಿಸುವುದಿಲ್ಲ. ಕೈಕಾಲು ಜೋಮು ಹಿಡಿಯುವ ಹೊತ್ತಿಗೆ ನರಗಳಿಗೆ ಪೆಟ್ಟು ಬಿದ್ದಿರುತ್ತದೆ. ಬಿ1 ಜೀವಸತ್ವದ ಕಥೆ ಇದಕ್ಕೆ ವಿರುದ್ಧ. ಅದರ ದಾಸ್ತಾನು ಕೆಲವೇ ವಾರಗಳಲ್ಲಿ ಬರಿದಾಗುತ್ತದೆ. ವಾಂತಿ ನಿಲ್ಲದೆ, ನಡಿಗೆ ತೂರಾಡಿ, ದೃಷ್ಟಿ ಎರಡೆರಡಾಗಿ, ಮಾತು ಗೊಂದಲವಾದರೆ ಅದು ತುರ್ತು ಸ್ಥಿತಿ. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಪಿತ್ತಕೋಶದ ಕಲ್ಲು, ಜೋಡಣೆಯ ಜಾಗದಲ್ಲಿ ಹುಣ್ಣು, ಕರುಳು ಒಳಗೇ ಸಿಕ್ಕಿಕೊಳ್ಳುವುದು ಇವೂ ಪಟ್ಟಿಯಲ್ಲಿವೆ. ಬೈಪಾಸ್ ಆದವರು ತಲೆನೋವು, ಮೈಕೈನೋವಿಗೆಂದು ಐಬುಪ್ರೊಫೇನ್‌ನಂಥ ಗುಳಿಗೆ ನುಂಗಬಾರದು, ಹುಣ್ಣಾಗುವ ಭಯವಿದೆ. ಯಾವ ವೈದ್ಯರ ಬಳಿಗೆ ಹೋದರೂ, ಎಷ್ಟೇ ವರ್ಷ ಕಳೆದಿದ್ದರೂ, ಶಸ್ತ್ರಚಿಕಿತ್ಸೆಯ ವಿಷಯ ಹೇಳಲೇಬೇಕು.

ತಕ್ಕಡಿಯ ಎರಡು ತಟ್ಟೆ

ಇಷ್ಟೆಲ್ಲ ಓದಿ ಹೆದರಿಬಿಟ್ಟರೆ ಅದೂ ಅನ್ಯಾಯವೇ. 1987ರಲ್ಲಿ ಸ್ವೀಡನ್ ದೇಶದಲ್ಲಿ ಆರಂಭವಾದ ಅಧ್ಯಯನವೊಂದು ಶಸ್ತ್ರಚಿಕಿತ್ಸೆಯಾದ ಸುಮಾರು 2 ಸಾವಿರ ಜನರನ್ನೂ, ಆಗದ ಅಷ್ಟೇ ಸ್ಥೂಲಕಾಯರನ್ನೂ ದಶಕಗಳ ಕಾಲ ಹಿಂಬಾಲಿಸಿತು. ಬೈಪಾಸ್ ಆದವರ ತೂಕ ಮೊದಲ ಒಂದೆರಡು ವರ್ಷಗಳಲ್ಲಿ ಸರಾಸರಿ ಶೇ. 32ರಷ್ಟು ಇಳಿದಿತ್ತು, 10 ವರ್ಷದ ಹೊತ್ತಿಗೆ ಶೇ. 25ಕ್ಕೆ ಬಂದು ನಿಂತಿತು. ಅಂದರೆ 120 ಕಿಲೋ ತೂಗುತ್ತಿದ್ದವರು 82ಕ್ಕೆ ಇಳಿದು, ಮತ್ತೆ 90ಕ್ಕೆ ಏರಿದಂತೆ. ತುಸು ಏರಿಕೆ ಸಹಜವೆಂದು ಗೊತ್ತಿದ್ದರೆ 'ನಾನು ಸೋತೆ' ಎಂಬ ಕೊರಗಿಗೆ ಎಡೆಯಿರುವುದಿಲ್ಲ.

ಆಯುಷ್ಯದ ಲೆಕ್ಕ 2020ರಲ್ಲಿ ಪ್ರಕಟವಾಯಿತು. ಶಸ್ತ್ರಚಿಕಿತ್ಸೆಯಾದವರು ಆಗದವರಿಗಿಂತ ಸುಮಾರು 3 ವರ್ಷ ಹೆಚ್ಚು ಬದುಕಿದ್ದರು. ಆದರೂ ಸಾಮಾನ್ಯ ಜನರಿಗೆ ಹೋಲಿಸಿದರೆ ಅವರ ಆಯುಷ್ಯ ಐದೂವರೆ ವರ್ಷ ಕಡಿಮೆಯೇ. ಚಿಕಿತ್ಸೆ ಬಹಳಷ್ಟನ್ನು ಮರಳಿ ಕೊಡುತ್ತದೆ, ಎಲ್ಲವನ್ನೂ ಅಲ್ಲ.

ಮನಸ್ಸಿನ ಲೆಕ್ಕ ಇನ್ನೂ ಸೂಕ್ಷ್ಮ. ಅಮೆರಿಕದ ಯೂಟಾ ರಾಜ್ಯದ 2007ರ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಯಾದವರಲ್ಲಿ ಒಟ್ಟು ಸಾವುಗಳು ಶೇ. 40ರಷ್ಟು ಕಡಿಮೆಯಿದ್ದವು. ಆದರೆ ಅಪಘಾತ, ಆತ್ಮಹತ್ಯೆಯಂಥ ಕಾರಣಗಳ ಸಾವು ಶೇ. 58ರಷ್ಟು ಹೆಚ್ಚಿತ್ತು. ಬೈಪಾಸ್ ನಂತರ ಮದ್ಯ ಬಹುಬೇಗ ರಕ್ತಕ್ಕೆ ಏರುತ್ತದೆ. ಎರಡನೆಯ ವರ್ಷದಿಂದ ಮದ್ಯದ ತೊಂದರೆ ಹೆಚ್ಚುವುದು 2012ರ ಅಧ್ಯಯನದಲ್ಲಿ ಕಂಡುಬಂತು. ತೆಳ್ಳಗಾದರೆ ಎಲ್ಲ ದುಃಖವೂ ಕರಗುತ್ತದೆಂದು ನಂಬಿದವರಿಗೆ, ತೂಕ ಇಳಿದ ಮೇಲೂ ಒಂಟಿತನ ಹಾಗೇ ಉಳಿದಾಗ ಆಗುವ ಆಘಾತ ಸಣ್ಣದಲ್ಲ. ಅಂಥ ಹೊತ್ತಿನಲ್ಲಿ ಮನೆಯವರು ಗದರದೆ ಕೇಳಿಸಿಕೊಳ್ಳಬೇಕು, ಮನೋವೈದ್ಯರ ನೆರವು ಪಡೆಯಲು ನಾಚಬಾರದು.

ಹದಿಹರೆಯದವರಿಗೆ?

ಸ್ವೀಡನ್ನಿನಲ್ಲಿ 13ರಿಂದ 18 ವಯಸ್ಸಿನ 81 ಮಂದಿಗೆ ಬೈಪಾಸ್ ಮಾಡಿ 5 ವರ್ಷ ಗಮನಿಸಲಾಯಿತು. ತೂಕ ಚೆನ್ನಾಗಿಯೇ ಇಳಿದಿತ್ತು. ಶಸ್ತ್ರಚಿಕಿತ್ಸೆಯಿಲ್ಲದೆ ಚಿಕಿತ್ಸೆ ಪಡೆದ ಅದೇ ವಯಸ್ಸಿನವರ ತೂಕ ಏರಿತ್ತು. ಆದರೆ ಶಸ್ತ್ರಚಿಕಿತ್ಸೆಯಾದ ನಾಲ್ವರಲ್ಲಿ ಒಬ್ಬರಿಗೆ ಮತ್ತೊಂದು ಶಸ್ತ್ರಚಿಕಿತ್ಸೆ ಬೇಕಾಯಿತು, ಶೇ. 72ರಷ್ಟು ಮಂದಿಯಲ್ಲಿ ಯಾವುದಾದರೊಂದು ಪೋಷಕಾಂಶದ ಕೊರತೆಯಿತ್ತು. ಅಮೆರಿಕದಲ್ಲಿ 242 ಹದಿಹರೆಯದವರನ್ನು ಗಮನಿಸಿದಾಗ 3 ವರ್ಷದ ಕೊನೆಗೆ ಶೇ. 57ರಷ್ಟು ಮಂದಿಯಲ್ಲಿ ಕಬ್ಬಿಣಾಂಶದ ಸಂಗ್ರಹ ಕಡಿಮೆಯಿತ್ತು. ಅದೇ ಗುಂಪಿನಲ್ಲಿ ಮಧುಮೇಹವಿದ್ದ ಬಹುತೇಕರಿಗೆ ಆ ಕಾಯಿಲೆ ಹಿಮ್ಮೆಟ್ಟಿತ್ತು ಎಂಬುದನ್ನೂ ಮರೆಯಬಾರದು. 2023ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ತೀವ್ರ ಬೊಜ್ಜಿರುವ 13 ದಾಟಿದ ಮಕ್ಕಳನ್ನು ಈ ಚಿಕಿತ್ಸೆಗಾಗಿ ಪರಿಶೀಲಿಸಬಹುದೆಂದು ಹೇಳಿದ್ದು ಇಂಥ ಲಾಭಗಳನ್ನು ಕಂಡೇ.

'ತೀವ್ರ' ಎಂಬ ಮಾತನ್ನು ಇಲ್ಲಿ ಒತ್ತಿ ಓದಬೇಕು. ಭಾರತದಲ್ಲಿ ವಯಸ್ಕರಿಗೆ ಬಳಕೆಯಲ್ಲಿರುವ ಒಂದು ಅಳತೆಯಂತೆ ಬಿಎಂಐ 37.5 ದಾಟಿರಬೇಕು, ಮಧುಮೇಹದಂಥ ಕಾಯಿಲೆಗಳಿದ್ದರೆ 32.5. ಕಿಲೋಗಳಲ್ಲಿನ ತೂಕವನ್ನು ಮೀಟರಿನಲ್ಲಿನ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಬಿಎಂಐ. 160 ಸೆಂಟಿಮೀಟರ್ ಎತ್ತರದವರಿಗೆ 37.5 ಎಂದರೆ 96 ಕಿಲೋ. ತರಗತಿಯಲ್ಲಿ 'ಡುಮ್ಮಿ' ಎಂದು ಹಂಗಿಸಿದರೆಂದೋ, ಮದುವೆಗೆ ಮುಂಚೆ ತೆಳ್ಳಗಾಗಲೆಂದೋ ಮಾಡಿಸುವ ಚಿಕಿತ್ಸೆ ಇದಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ ಕಿರುತೆರೆಯ ಯುವ ನಟಿಯೊಬ್ಬರು ಮೃತಪಟ್ಟಾಗ ಅನೇಕರು ಎರಡನ್ನೂ ಒಂದೇ ಎಂದು ಬಗೆದರು. ಚರ್ಮದಡಿಯ ಕೊಬ್ಬು ಹೀರುವುದು ಸೌಂದರ್ಯ ಚಿಕಿತ್ಸೆ. ಅದು ಬೊಜ್ಜಿನ ಕಾಯಿಲೆಗೆ ಮದ್ದಲ್ಲ.

ಸಹಿ ಹಾಕುವ ಮುನ್ನ

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ತಂದೆತಾಯಿ ಮತ್ತು ಮಕ್ಕಳು ಒಟ್ಟಿಗೆ ಕುಳಿತು ಈ ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು.

* ಇದು ಮಗುವಿನ ಸ್ವಂತ ಇಚ್ಛೆಯೋ, ಹಿರಿಯರ ಒತ್ತಾಯವೋ?
* ಆಹಾರ, ವ್ಯಾಯಾಮ, ಔಷಧಿಗಳ ಪ್ರಯತ್ನ ವೈದ್ಯರ ಉಸ್ತುವಾರಿಯಲ್ಲಿ ಸಾಕಷ್ಟು ಕಾಲ ನಡೆದಿದೆಯೇ?
* ಪ್ರತಿದಿನದ ಮಾತ್ರೆ, ಪ್ರತಿವರ್ಷದ ರಕ್ತಪರೀಕ್ಷೆಯ ಖರ್ಚು ಜೀವನಪರ್ಯಂತ ನಿಭಾಯಿಸಲು ಆಗುತ್ತದೆಯೇ?
* ಆಸ್ಪತ್ರೆಯಲ್ಲಿ ಆಹಾರ ತಜ್ಞರು, ಮನೋವೈದ್ಯರು ಇದ್ದಾರೆಯೇ? 5 ವರ್ಷದ ನಂತರ ಯಾರನ್ನು ಕಾಣಬೇಕು?
* ಓದಿಗಾಗಿ ಹಾಸ್ಟೆಲ್ ಸೇರಿದರೆ ಅಲ್ಲಿನ ಊಟದಲ್ಲಿ ಪಥ್ಯ ನಡೆದೀತೇ?
* ಹೆಣ್ಣುಮಕ್ಕಳಿಗೆ: ಶಸ್ತ್ರಚಿಕಿತ್ಸೆಯ ನಂತರ 12ರಿಂದ 18 ತಿಂಗಳು ಗರ್ಭ ಧರಿಸಬಾರದೆಂಬ ಸಲಹೆ ಗೊತ್ತಿದೆಯೇ?

ಉತ್ತರಗಳು ಸಮಾಧಾನ ತಂದರೆ ಶಸ್ತ್ರಚಿಕಿತ್ಸೆ ಎಷ್ಟೋ ಜನರಿಗೆ ಮರುಹುಟ್ಟು ಕೊಟ್ಟಂತೆ ಕೊಡಬಲ್ಲದು. ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದ ಹುಡುಗ ಬಸ್ಸಿಗೆ ಓಡಬಲ್ಲ. ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದ ಹುಡುಗಿ ಆ ಸೂಜಿಯನ್ನು ಪಕ್ಕಕ್ಕಿಡಬಲ್ಲಳು. 'ಊಟ ಬಲ್ಲವನಿಗೆ ರೋಗವಿಲ್ಲ' ಎಂದರು ಹಿರಿಯರು. ಹೊಟ್ಟೆ ಕಿರಿದಾದವರು ಊಟವನ್ನು ಮೊದಲಿನಿಂದ ಮತ್ತೆ ಕಲಿಯಬೇಕು. ಆ ಕಲಿಕೆಯಲ್ಲಿ ಅವರೊಬ್ಬರನ್ನೇ ಬಿಡದೆ ಮನೆಮಂದಿಯೆಲ್ಲ ಎಲೆಯ ಮುಂದೆ ಜತೆಗೆ ಕೂರಬೇಕು.