ಮಿದುಳಿನ ಅಲೆ, ಒಂದು ಸ್ವಿಚ್ಚು, ಮನೆಮಾತಿನ ಹಲಗೆ

ಗಡಿಯಾಚೆಯ ಕನ್ನಡದ ಬಗ್ಗೆ ಮಾತಾಡುವಾಗ ಶಾಸನ, ಶಾಲೆ, ಪತ್ರಿಕೆ, ಜಾನಪದ ಎಲ್ಲ ಬರ್ತದೆ. ಮಿದುಳಿನ ಅಲೆ ಓದುವ ಯಂತ್ರಕ್ಕೆ ಇಲ್ಲಿ ಎಂತ ಕೆಲಸ ಅಂತ ನಿಮಗೆ ಅನಿಸಬಹುದು. ಕೆಲಸ ಉಂಟು. ನಾನು ಕಾಸರಗೋಡಿನ ಕಡೆಯವ, ಎಲೆಕ್ಟ್ರಾನಿಕ್ಸ್ ಕಲಿಸುವವ. ಕಾಯಿಲೆಯಿಂದ ಮಾತು ಹೋದವರ ಮನೆಯವರು ಆಗಾಗ ಬಂದು ಕೇಳ್ತಾರೆ: "ತಲೆಗೆ ಹಾಕಿಕೊಂಡು ಯೋಚಿಸಿದರೆ ಸಾಕು, ಕಂಪ್ಯೂಟರ್ ಓದ್ತದಂತೆ. ತರಿಸೋಣವಾ?"

ಈ ಪ್ರಶ್ನೆಗೆ ನನ್ನ ಉತ್ತರವನ್ನು ಮೊದಲೇ ಹೇಳಿಬಿಡ್ತೇನೆ. ಅಂಗಡಿಯಲ್ಲಿ ಸಿಗುವ ಹೆಡ್‌ಸೆಟ್ ಯೋಚನೆಯನ್ನು ಓದುವುದಿಲ್ಲ. ಹೆಚ್ಚೆಂದರೆ ಅದು ನಮಗೆ ಒಂದು ಸ್ವಿಚ್ಚು ಕೊಡ್ತದೆ, ಅದೂ ಸ್ವಲ್ಪ ಸಡಿಲವಾದ ಸ್ವಿಚ್ಚು. ಒಂದು ಸ್ವಿಚ್ಚಿನಿಂದ ಎಷ್ಟು ಮಾತು ಹೊರಡಬಹುದು ಎಂಬುದು ಯಂತ್ರದ ಬೆಲೆಗಿಂತಲೂ ನಾವು ಮುಂದಿಡುವ ಪದಗಳ ಹಲಗೆಯ ಮೇಲೆ ನಿಂತಿದೆ. ಆ ಹಲಗೆ ಯಾವ ಭಾಷೆಯಲ್ಲಿರಬೇಕು ಅನ್ನುವಲ್ಲಿ ವಿಷಯ ನಮ್ಮೂರಿಗೆ ಬರ್ತದೆ.

ಹೆಡ್‌ಸೆಟ್ಟಿಗೆ ಕೇಳಿಸುವುದೇನು

ಜರ್ಮನಿಯ ಯೇನಾದಲ್ಲಿ ಹಾನ್ಸ್ ಬರ್ಗರ್ ಎಂಬ ಮನೋವೈದ್ಯರು 1924ರಲ್ಲಿ ಮನುಷ್ಯನ ತಲೆಯ ಮೇಲಿಂದ ವಿದ್ಯುತ್ ಅಲೆಗಳನ್ನು ಮೊದಲ ಬಾರಿ ದಾಖಲಿಸಿದರು; ಪ್ರಕಟಿಸಿದ್ದು 1929ರಲ್ಲಿ. ಅದೇ ಇಂದಿನ ಇಇಜಿ. ಮಿದುಳಿನ ಲಕ್ಷಾಂತರ ನರಕೋಶಗಳು ಒಟ್ಟಿಗೆ ಮಿಡಿದಾಗ ಅದರ ಒಂದು ಮಸುಕು ಛಾಯೆ ತಲೆಬುರುಡೆ ದಾಟಿ ಚರ್ಮದ ತನಕ ಬರ್ತದೆ. ಅದು ಎಷ್ಟು ಸಣ್ಣದು? ಸುಮಾರು 50 ಮೈಕ್ರೋವೋಲ್ಟ್ ಅಂತ ಇಟ್ಟುಕೊಳ್ಳಿ. ಗೋಡೆ ಗಡಿಯಾರಕ್ಕೆ ಹಾಕುವ 1.5 ವೋಲ್ಟಿನ ಶೆಲ್ಲನ್ನು 30,000 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು.

ಜಾತ್ರೆಯ ಗದ್ದಲ ದೂರದ ಮನೆಗೆ ಕೇಳಿದ ಹಾಗೆ ಇದು. ಗದ್ದಲ ಜೋರಾಯಿತು, ಇಳಿಯಿತು ಅಂತ ಗೊತ್ತಾಗ್ತದೆ. ಯಾರು ಯಾರಿಗೆ ಏನು ಹೇಳಿದರು ಅಂತ ಗೊತ್ತಾಗುವುದಿಲ್ಲ. ಕಣ್ಣು ಮುಚ್ಚಿ ಸುಮ್ಮನೆ ಕೂತರೆ ಸೆಕೆಂಡಿಗೆ 8ರಿಂದ 13 ಸಲ ಏರಿಳಿಯುವ ಆಲ್ಫಾ ಅಲೆ ತಲೆಯ ಹಿಂಬದಿಯಲ್ಲಿ ಹೆಚ್ಚಾಗ್ತದೆ. ಕಣ್ಣು ತೆರೆದರೆ ಕಡಿಮೆಯಾಗ್ತದೆ. ಇಂಥ ಬದಲಾವಣೆಗಳು ತಿಳಿಯುತ್ತವೆ. "ನನಗೆ ನೀರು ಬೇಕು" ಎಂಬ ವಾಕ್ಯ ತಿಳಿಯುವುದಿಲ್ಲ.

ಆಸ್ಪತ್ರೆಯ ಇಇಜಿಯಲ್ಲಿ ಸಾಮಾನ್ಯವಾಗಿ 21 ಕಡೆ ಅಂಟು ಹಚ್ಚಿ ಎಲೆಕ್ಟ್ರೋಡ್ ಇಡ್ತಾರೆ. ನ್ಯೂರೋಸ್ಕೈ ಕಂಪನಿಯ ಮೈಂಡ್‌ವೇವ್‌ನಲ್ಲಿ ಇರುವುದು ಹಣೆಯ ಮೇಲೆ ಒಂದು ಒಣ ಎಲೆಕ್ಟ್ರೋಡ್, ಕಿವಿಗೆ ಒಂದು ಕ್ಲಿಪ್. ಮ್ಯೂಸ್‌ನಲ್ಲಿ ನಾಲ್ಕು. ಇಮೋಟಿವ್‌ನ ಎಪೋಕ್‌ನಲ್ಲಿ 14, ಅವನ್ನು ಉಪ್ಪುನೀರಲ್ಲಿ ಒದ್ದೆ ಮಾಡಿ ಹಾಕಬೇಕು. ಸಂಖ್ಯೆ ಹೆಚ್ಚಿದ ಹಾಗೆ ವಿವರ ಹೆಚ್ಚುತ್ತದೆ ನಿಜ, ಆದರೆ ಕೂದಲು, ಬೆವರು, ಸಡಿಲ ಪಟ್ಟಿಯ ತಾಪತ್ರಯವೂ ಹೆಚ್ಚುತ್ತದೆ.

ಇನ್ನೊಂದು ಮುಖ್ಯ ವಿಷಯ. ಹಣೆ ಅಂದರೆ ಕಣ್ಣಿನ ನೆರೆಮನೆ. ಒಂದು ಸಲ ಕಣ್ಣು ಮಿಟುಕಿಸಿದರೆ ಅಲ್ಲಿ ನೂರಾರು ಮೈಕ್ರೋವೋಲ್ಟಿನ ಅಲೆ ಏಳ್ತದೆ. ಹುಬ್ಬು ಗಂಟಿಕ್ಕಿದರೆ, ಹಲ್ಲು ಕಚ್ಚಿದರೆ ಸ್ನಾಯುವಿನ ವಿದ್ಯುತ್ತು ಸೇರಿಕೊಳ್ಳುತ್ತದೆ. ಗೋಡೆಯ ತಂತಿಯ 50 ಹರ್ಟ್ಸ್ ಗುಂಯ್‌ಗುಡುವಿಕೆ ಬೇರೆ. ಹಾಗಾಗಿ ಹೆಡ್‌ಸೆಟ್ ಹಾಕಿ ದೀಪ ಹೊತ್ತಿಸಿದವರನ್ನು ನೋಡಿದಾಗ ಮೊದಲು ಕೇಳಬೇಕಾದ್ದು: ದೀಪ ಹೊತ್ತಿಸಿದ್ದು ಮಿದುಳಾ, ಹುಬ್ಬಾ?

ದೀಪ ಹೊತ್ತುವುದು ಹೇಗೆ

ಮೈಂಡ್‌ವೇವ್ ಸೆಕೆಂಡಿಗೆ 512 ಸಲ ಅಳತೆ ತೆಗೆದು ತಂತಿಯಿಲ್ಲದೆ ಕಳಿಸ್ತದೆ. ಅದರ ಒಳಗಿನ ಚಿಪ್ ಸೆಕೆಂಡಿಗೊಮ್ಮೆ "ಗಮನ", "ಧ್ಯಾನ" ಅಂತ ಎರಡು ಅಂಕಿ ಕೊಡ್ತದೆ, 0ರಿಂದ 100ರ ಒಳಗೆ. ಆ ಅಂಕಿ ಹಾಕುವ ಲೆಕ್ಕ ಕಂಪನಿಯ ಗುಟ್ಟು. ನಾವು ಆರ್ಡುಯಿನೋ ಬೋರ್ಡಿಗೆ ನಾಲ್ಕು ಸಾಲು ಪ್ರೋಗ್ರಾಮ್ ಬರೆದು "ಗಮನ 70 ದಾಟಿದರೆ ರಿಲೇ ಹಾಕು" ಅಂದರೆ ಆಯಿತು, ಫ್ಯಾನ್ ತಿರುಗ್ತದೆ. 2009ರಲ್ಲಿ ಮ್ಯಾಟೆಲ್ ಕಂಪನಿ ತಂದ ಮೈಂಡ್‌ಫ್ಲೆಕ್ಸ್ ಆಟಿಕೆಯಲ್ಲೂ ಇದೇ ನ್ಯೂರೋಸ್ಕೈ ಚಿಪ್. ಗಮನ ಏರಿದರೆ ಫ್ಯಾನ್ ಜೋರಾಗಿ ಹಗುರ ಚೆಂಡು ಮೇಲೇಳ್ತಿತ್ತು.

ಆಟಕ್ಕೆ ಇದು ಚಂದ. ರೋಗಿಗೆ ಸಾಕಾ? ಗಮನದ ಅಂಕಿ ಏರಲಿಕ್ಕೆ ಕೆಲವು ಸೆಕೆಂಡ್ ಬೇಕು. ಕೆಲವೊಮ್ಮೆ ಬೇಡದಾಗಲೂ ಏರ್ತದೆ. ಬೇಕಾದಾಗ ಏರುವುದಿಲ್ಲ.

ಸಂಶೋಧನಾಲಯಗಳಲ್ಲಿ ಇದಕ್ಕಿಂತ ಗಟ್ಟಿ ದಾರಿಗಳಿವೆ. ಮಿದುಳಿಂದ ನೇರ ಕಂಪ್ಯೂಟರಿಗೆ ಸಂದೇಶ ಎಂಬ ಯೋಜನೆಯನ್ನು ಜಾಕ್ ವಿಡಾಲ್ ಮುಂದಿಟ್ಟದ್ದು 1973ರಲ್ಲಿ. 1988ರಲ್ಲಿ ಫಾರ್ವೆಲ್ ಮತ್ತು ಡಾಂಚಿನ್ ಪಿ-300 ಎಂಬ ಅಲೆಯಿಂದ ಅಕ್ಷರ ಆರಿಸುವ ವಿಧಾನ ತೋರಿಸಿದರು. ಆರು ಸಾಲು, ಆರು ಕಂಬದ ಚೌಕದಲ್ಲಿ ಸಾಲುಗಳು ಮಿನುಗ್ತಾ ಹೋಗ್ತವೆ. ನಾವು ಕಾಯುತ್ತಿರುವ ಅಕ್ಷರ ಮಿನುಗಿದ ಸುಮಾರು 300 ಮಿಲಿಸೆಕೆಂಡಿಗೆ ಮಿದುಳಲ್ಲಿ ಒಂದು ಉಬ್ಬು ಕಾಣ್ತದೆ. ಒಂದೇ ಮಿನುಗಿಗೆ ಅದು ಗದ್ದಲದಲ್ಲಿ ಮುಳುಗಿ ಹೋಗ್ತದೆ. ಅನೇಕ ಸಲ ಮಿನುಗಿಸಿ ಸರಾಸರಿ ತೆಗೆದರೆ ಮೇಲೆ ಬರ್ತದೆ. 1999ರಲ್ಲಿ ಜರ್ಮನಿಯ ಟ್ಯೂಬಿಂಗೆನ್‌ನ ನೀಲ್ಸ್ ಬಿರ್ಬೌಮರ್ ತಂಡ ಇನ್ನೊಂದು ಬಗೆಯ ನಿಧಾನ ಅಲೆಯಿಂದ ಎಎಲ್‌ಎಸ್ ರೋಗಿಗಳು ಅಕ್ಷರ ಆರಿಸಿದ್ದನ್ನು ವರದಿ ಮಾಡಿತು. ಆದರೆ ಅದರ ಹಿಂದೆ ತಿಂಗಳುಗಟ್ಟಲೆ ತರಬೇತಿ ಇತ್ತು. ಈ ಪ್ರಯೋಗಗಳ ಹೆಸರು ಹೇಳಿ ಹಣೆಯ ಒಂದು ಎಲೆಕ್ಟ್ರೋಡ್ ಮಾರಿದರೆ ಅದು ಬೇರೆಯವರ ಗದ್ದೆಯ ಪೈರು ತೋರಿಸಿ ನಮ್ಮ ಗದ್ದೆಗೆ ಸಾಲ ಕೇಳಿದ ಹಾಗೆ.

"ನೀರು" ಅನ್ನಲಿಕ್ಕೆ ಎಷ್ಟು ಹೊತ್ತು

ಈಗ ಸ್ವಲ್ಪ ಲೆಕ್ಕ ಮಾಡುವ. ಇಂಗ್ಲಿಷಿನ 26 ಅಕ್ಷರ, 10 ಅಂಕಿ ಸೇರಿ 36 ಮನೆ. ಅದಕ್ಕೇ ಆರು-ಆರರ ಚೌಕ. ನಮ್ಮ ವರ್ಣಮಾಲೆಯಲ್ಲಿ 49. ಕಾಗುಣಿತಕ್ಕೆ ಬೇರೆ ಮನೆ ಬೇಡ. "ನ" ಆದ ಮೇಲೆ "ಈ" ಆರಿಸಿದರೆ ಪ್ರೋಗ್ರಾಮೇ "ನೀ" ಅಂತ ಸೇರಿಸಿಕೊಳ್ಳಲಿ. ಒತ್ತಕ್ಷರಕ್ಕೆ ಒಂದು ಮನೆ, ಪದಗಳ ನಡುವಿನ ಜಾಗಕ್ಕೆ ಒಂದು, ಅಳಿಸಲಿಕ್ಕೆ ಒಂದು, ಮನೆಯವರನ್ನು ಕರೆಯುವ ಗಂಟೆಗೆ ಒಂದು. ಒಟ್ಟು 53. ಏಳು ಸಾಲು, ಎಂಟು ಕಂಬದ ಹಲಗೆಯಲ್ಲಿ ಕೂರ್ತದೆ.

ಬೆಳಕು ಸಾಲಿಂದ ಸಾಲಿಗೆ ಇಳಿಯುತ್ತದೆ, ಬೇಕಾದ ಸಾಲಲ್ಲಿ ಸ್ವಿಚ್ಚು. ಆಮೇಲೆ ಮನೆಯಿಂದ ಮನೆಗೆ, ಬೇಕಾದಲ್ಲಿ ಇನ್ನೊಂದು ಸ್ವಿಚ್ಚು. ಒಂದು ಅಕ್ಷರಕ್ಕೆ ಸರಾಸರಿ ಎಂಟೂವರೆ ಹೆಜ್ಜೆ. "ಗಮನ" ಏರಲಿಕ್ಕೆ ಸಮಯ ಕೊಡಲು ಹೆಜ್ಜೆಗೆ 4 ಸೆಕೆಂಡ್ ಇಟ್ಟರೆ ಅಕ್ಷರಕ್ಕೆ 34 ಸೆಕೆಂಡ್. "ನೀರು" ಅಂದರೆ ನ, ಈ, ರ, ಉ, ನಾಲ್ಕು ಆಯ್ಕೆ. ಎರಡು ನಿಮಿಷ ದಾಟಿತು. ಇದು ಒಂದೂ ತಪ್ಪಾಗದಿದ್ದರೆ.

ತಪ್ಪಾಗದಿರುವುದು ಎಷ್ಟು ಕಷ್ಟ ನೋಡಿ. ನಾಲ್ಕು ಆಯ್ಕೆಗೆ ಎಂಟು ಸ್ವಿಚ್ಚು. ಪ್ರತಿ ಸಲ 100ಕ್ಕೆ 90 ಸರಿ ಬೀಳುವ ಸ್ವಿಚ್ಚಾದರೂ ಎಂಟೂ ಸರಿಯಾಗುವ ಸಾಧ್ಯತೆ 100ಕ್ಕೆ 43 ಮಾತ್ರ. 90 ಅಂದರೆ ಒಳ್ಳೆಯ ಮಾರ್ಕು ಅಂತ ಕಾಣ್ತದೆ, ಆದರೆ ಅರ್ಧಕ್ಕಿಂತ ಹೆಚ್ಚು ಸಲ "ನೀರು" ಹಾಳಾಗ್ತದೆ. ಅದೇ 98 ಸರಿ ಬೀಳುವ ಸ್ವಿಚ್ಚಾದರೆ 85 ಸಲ ಪದ ಪೂರ್ತಿಯಾಗ್ತದೆ.

ಹಾಗಾದ್ರೆ ಮಾಡುವುದೆಂತ? ಎರಡು ಕೆಲಸ. ಒಂದು, ಅಕ್ಷರದ ಹಲಗೆಗೆ ಮುಂಚೆ ಪದದ ಹಲಗೆ ಇಡಿ. ನೀರು, ನೋವು, ಸೆಕೆ, ಚಳಿ, ಮಗ್ಗುಲು ಬದಲಿಸಿ, ಸಾಕು, ಬೇಡ. ಪದಕ್ಕೆ ಎರಡೇ ಸ್ವಿಚ್ಚು. 90ರ ಸ್ವಿಚ್ಚಿನಲ್ಲೂ 81 ಸಲ ಸರಿ. ಎರಡು, ಇನ್ನೂ ಗಟ್ಟಿ ಸ್ವಿಚ್ಚು ಮೈಯಲ್ಲಿ ಎಲ್ಲಾದರೂ ಉಳಿದಿದೆಯಾ ಹುಡುಕಿ. ಸ್ಟೀಫನ್ ಹಾಕಿಂಗ್ ಮಾತಾಡಿದ್ದು ಕೆನ್ನೆಯ ಒಂದು ಸ್ನಾಯುವಿನಿಂದ. ಕನ್ನಡಕಕ್ಕೆ ಕೂರಿಸಿದ ಸಂವೇದಕ ಅದರ ಚಲನೆ ಹಿಡಿಯುತ್ತಿತ್ತು. ಫ್ರಾನ್ಸಿನ ಪತ್ರಕರ್ತ ಜಾನ್ ದೊಮಿನಿಕ್ ಬೊಬಿ ಒಂದೇ ಕಣ್ಣಿನ ರೆಪ್ಪೆ ಮಿಟುಕಿಸಿ ಇಡೀ ಪುಸ್ತಕ ಬರೆಸಿದರು, ಅದು 1997ರಲ್ಲಿ ಬಂತು. ಅಲ್ಲಿ ಯಂತ್ರವೇ ಇರಲಿಲ್ಲ. ಎದುರು ಕೂತವರು ಅಕ್ಷರಗಳನ್ನು ಹೇಳ್ತಾ ಹೋಗ್ತಿದ್ದರು. ರೆಪ್ಪೆ, ಬೆರಳು, ಕೆನ್ನೆ, ಯಾವುದಾದರೂ ಒಂದು ಅಲುಗಿದರೂ ಹೆಡ್‌ಸೆಟ್ಟಿಗಿಂತ ಅದು ಮೇಲು. ಹೆಡ್‌ಸೆಟ್ ಇದ್ದರೂ "ಗಮನ" ಬಿಟ್ಟು ಕಣ್ಣುಮಿಟುಕನ್ನೇ ಸ್ವಿಚ್ಚಾಗಿ ಬಳಸಿ. ನಾಚಿಕೆಪಡುವಂಥದ್ದೇನಿಲ್ಲ ಅದರಲ್ಲಿ.

ಒಂದು ಎಚ್ಚರಿಕೆ. ಪಕ್ಷವಾತದಲ್ಲಿ ಕೆಲವರಿಗೆ ಬಾಯಿ, ನಾಲಿಗೆಯ ಹತೋಟಿ ಹೋಗ್ತದೆ. ಭಾಷೆ ಒಳಗೆ ಹಾಗೇ ಇರ್ತದೆ. ಕೆಲವರಿಗೆ ಭಾಷೆಗೇ ಪೆಟ್ಟು ಬಿದ್ದಿರ್ತದೆ. ಎರಡನೆಯವರಿಗೆ ಅಕ್ಷರದ ಹಲಗೆ ಉಪಯೋಗವಿಲ್ಲ. ಅದನ್ನು ಡಾಕ್ಟರು, ವಾಕ್ ಚಿಕಿತ್ಸಕರು ಹೇಳಬೇಕು.

ಗಡಿಯ ಈಚೆ "ಬೇಡ"

ನಮ್ಮಲ್ಲಿ ರೋಗಿಯ ಮನೆಮಾತು ಒಂದು, ನರ್ಸಿನ ಮಾತು ಇನ್ನೊಂದು. "ಬೇಡ" ಎಂಬ ಒಂದೇ ಪದ ತೆಗೆದುಕೊಳ್ಳಿ. ಕಾಸರಗೋಡು, ವಯನಾಡಿನಲ್ಲಿ ನರ್ಸಿಗೆ ಅದು "ವೇಂಡ". ಹೊಸೂರು, ತಾಳವಾಡಿಯಲ್ಲಿ "ವೇಂಡಾಂ". ಸೊಲ್ಲಾಪುರ, ಜತ್ತದಲ್ಲಿ "ನಕೋ". ಆದೋನಿ, ರಾಯದುರ್ಗದಲ್ಲಿ "ವದ್ದು". ಹಲಗೆಯನ್ನು ರಾಜ್ಯಭಾಷೆಯಲ್ಲಿ ಮಾಡಿದರೆ ನರ್ಸಿಗೆ ಸುಲಭ, ರೋಗಿಗೆ ಪರಭಾರೆ. ಪಠ್ಯಪುಸ್ತಕದ ಕನ್ನಡದಲ್ಲಿ ಮಾಡಿದರೂ ಪೂರ್ತಿ ಸರಿಯಲ್ಲ. ಹವ್ಯಕರ ಮನೆಯಲ್ಲಿ ನೋವು "ಬೇನೆ", ಕುಡಿಯಲು ಕೇಳುವುದು "ಆಸರು". ಸೊಲ್ಲಾಪುರದ ಕಡೆ ಬಾಯಾರಿಕೆ "ನೀರಡಿಕಿ", ಬೇಡ "ಬ್ಯಾಡ". ಎಪ್ಪತ್ತು ವರ್ಷ "ಬ್ಯಾಡ" ಅಂದವರು ಹಲಗೆಯಲ್ಲಿ ಬೇರೆ ಪದ ಹುಡುಕುತ್ತಾ ಕೂತರೆ ಬೆಳಕು ದಾಟಿಹೋಗ್ತದೆ.

ಹಾಗಾಗಿ ಪ್ರತಿ ಮನೆಯಲ್ಲೂ ಎರಡು ಸಾಲು ಇರಲಿ: ಮೇಲೆ ದೊಡ್ಡದಾಗಿ ಮನೆಮಾತು, ಕೆಳಗೆ ಸಣ್ಣದಾಗಿ ನರ್ಸಿನ ಭಾಷೆ. ಆರಿಸಿದ ಪದವನ್ನು ಹೇಳುವ ಧ್ವನಿ ಮನೆಯವರೇ ಮೊಬೈಲಲ್ಲಿ ರೆಕಾರ್ಡ್ ಮಾಡಿದ್ದಾಗಿರಲಿ. ಕೇರಳದಲ್ಲಿ 2008ರಿಂದ ಉಪಶಾಮಕ ಆರೈಕೆಗೆ ಸರ್ಕಾರಿ ನೀತಿ ಉಂಟು. ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಗೇ ಬರ್ತಾರೆ. ಅವರ ಚೀಲದಲ್ಲಿ ಇಂಥ ಒಂದು ಕನ್ನಡ-ಮಲೆಯಾಳ ಹಲಗೆ ಇರುವಂತೆ ಮಾಡುವುದು ನಮ್ಮ ಕನ್ನಡ ಸಂಘಗಳಿಂದ ಆಗುವ ಕೆಲಸ. ಅದಕ್ಕೆ ಬೇಕಾದ್ದು ಪ್ರಿಂಟ್, ಲ್ಯಾಮಿನೇಶನ್, ಒಂದು ಮಧ್ಯಾಹ್ನ.

ಕೊನೆಗೆ ಬಂದ ಎರಡು ಪ್ರಶ್ನೆಗಳು

ಸೊಲ್ಲಾಪುರದಿಂದ ಸೇರಿಕೊಂಡವರೊಬ್ಬರು ಕೇಳಿದರು: "ಉತ್ತರ ರೋಗಿದಾ, ಮಷೀನಿಂದಾ ಅಂತ ಗೊತ್ತಾಗೂದು ಹ್ಯಾಂಗ್ರಿ?"

ಇದೇ ದೊಡ್ಡ ಪ್ರಶ್ನೆ. ಉತ್ತರ ನಮಗೆ ಮೊದಲೇ ಗೊತ್ತಿರುವ ಹೌದು-ಅಲ್ಲ ಪ್ರಶ್ನೆ 20 ಕೇಳಿ, ಅರ್ಧಕ್ಕೆ ಹೌದು, ಅರ್ಧಕ್ಕೆ ಅಲ್ಲ, ಕಲಸಿ. ಕೇಳುವುದು ಮನೆಮಾತಿನಲ್ಲೇ. ಬರೆದಿಟ್ಟುಕೊಳ್ಳುವವರಿಗೆ ಪ್ರಶ್ನೆ ಕೇಳಿಸಬಾರದು. ಬರೀ ಅದೃಷ್ಟಕ್ಕೆ 10 ಸರಿಯಾಗ್ತದೆ. 15 ಅಥವಾ ಅದಕ್ಕಿಂತ ಹೆಚ್ಚು ಅದೃಷ್ಟದಿಂದ ಬರುವುದು 100ಕ್ಕೆ ಸುಮಾರು 2 ಸಲ. ಇನ್ನೊಂದು ದಿನ ಮತ್ತೆ ಮಾಡಿ. ಎರಡು ಸಲವೂ 15 ದಾಟದಿದ್ದರೆ ಆ ಯಂತ್ರದ ಮಾತನ್ನು ರೋಗಿಯ ಮಾತು ಅನ್ನಬೇಡಿ, ಮುಖ್ಯವಾಗಿ ಚಿಕಿತ್ಸೆ, ಆಸ್ತಿ, ಸಹಿಯ ವಿಷಯದಲ್ಲಿ. ಪೂರ್ತಿ ಅಲುಗಾಡಲಾರದ ರೋಗಿಗಳು ಮಿದುಳಿನ ಅಳತೆಯಿಂದ ಹೌದು-ಅಲ್ಲ ಹೇಳಿದರು ಎಂಬ 2017ರ ಒಂದು ಹೆಸರಾಂತ ಪ್ರಬಂಧವನ್ನೇ ಪ್ಲಾಸ್ ಬಯಾಲಜಿ ಪತ್ರಿಕೆ 2019ರಲ್ಲಿ ಹಿಂತೆಗೆದುಕೊಂಡಿತು. ಪ್ರೀತಿ ಇರುವಲ್ಲಿ ನಮಗೆ ಬೇಕಾದ ಉತ್ತರವೇ ಕೇಳಿಸ್ತದೆ. ಅದಕ್ಕೇ ಎಣಿಸಬೇಕು.

ತಾಳವಾಡಿ ಕಡೆಯವರೊಬ್ಬರ ಪ್ರಶ್ನೆ: "ನಮ್ಮ ತಲೆಯ ದಾಖಲೆ ಕಂಪನಿಗೆ ಹೋಗುತ್ತಲ್ಲಾ?"

ಆ್ಯಪ್ ಮೂಲಕ ಹೋಗಬಹುದು. ಚಿಲಿ ದೇಶ 2021ರಲ್ಲಿ ಮಿದುಳಿನ ಚಟುವಟಿಕೆಯ ರಕ್ಷಣೆಯನ್ನು ಸಂವಿಧಾನಕ್ಕೇ ಸೇರಿಸಿತು. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಮಾಜಿ ಸೆನೆಟರ್ ಗೀಡೋ ಹಿರಾರ್ಡಿ ಅವರ ದೂರಿನ ಮೇಲೆ, ಅವರ ಮಿದುಳಿನ ದತ್ತಾಂಶ ಅಳಿಸುವಂತೆ ಇಮೋಟಿವ್ ಕಂಪನಿಗೆ ಆದೇಶಿಸಿತು. ನಮ್ಮ 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಇಂಥ ದತ್ತಾಂಶಕ್ಕೆಂದೇ ಬೇರೆ ವರ್ಗ ಇಲ್ಲ. ಹಾಗಾಗಿ ಇಂಟರ್ನೆಟ್ ಇಲ್ಲದೆಯೂ ನಡೆಯುವ ಪ್ರೋಗ್ರಾಮ್ ಇದ್ದರೆ ಅದನ್ನೇ ಆರಿಸಿ, ರೋಗಿಯ ನಿಜ ಹೆಸರಲ್ಲಿ ಖಾತೆ ತೆರೆಯಬೇಡಿ. ಮತ್ತೊಂದು: ಹೆಡ್‌ಸೆಟ್ ಕೈಕೊಟ್ಟ ದಿನ ಬಳಸಲಿಕ್ಕೆ ಕಾಗದದ ಹಲಗೆ ಹಾಸಿಗೆಯ ಪಕ್ಕದಲ್ಲೇ ಇರಲಿ.